ಅಲಿಗೆ ಯಾಕೆ ಸಿಟ್ಟು ಬರುವುದಿಲ್ಲ?

‘ಸ್ಕ್ವಿಡ್ ಗೇಮ್’ ಬಂದ ಹೊಸದು, 2021ರ ಕೊನೆ. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾವ ಮೇಜಿಗೆ ಹೋಗಿ ಕೂತರೂ ಅದರದೇ ಮಾತು. ಚೆನ್ನೈನಿಂದ ಶ್ರೀಪೆರಂಬುದೂರಿನ ಕಡೆ ಹೋಗುವ ರಸ್ತೆಯಲ್ಲಿ ಕೊರಿಯನ್ ಅಕ್ಷರದ ಹೋಟೆಲ್ ಬೋರ್ಡುಗಳು ಈಗ ಯಾರಿಗೂ ವಿಶೇಷವಲ್ಲ. ಕಾರಿನ ಬಿಡಿಭಾಗ ಮಾಡುವ ನಮ್ಮಲ್ಲೂ ಮೇಲಿನ ಕೆಲವರು ಕೊರಿಯನ್ನರು, ನಡುವೆ ನಮ್ಮಂಥ ಸಂಬಳದ ಎಂಜಿನಿಯರುಗಳು, ಕೆಳಗೆ ಜಾರ್ಖಂಡ್, ಒಡಿಶಾ, ಬಿಹಾರದಿಂದ ಬಂದ ಗುತ್ತಿಗೆ ಹುಡುಗರು. ಎಲ್ಲರೂ ಅದೇ ಸರಣಿ ನೋಡುತ್ತಿದ್ದರು. ನಮ್ಮ ಮೇಜಿನಲ್ಲಿ ಹೆಮ್ಮೆ ಜಾಸ್ತಿ. ಅಲಿ ಅಬ್ದುಲ್ ಎಂಬ ಪಾಕಿಸ್ತಾನಿ ಕಾರ್ಮಿಕನ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ದೆಹಲಿಯ ಹುಡುಗ, ಸ್ಕಾಲರ್‌ಶಿಪ್ ಮೇಲೆ ಕೊರಿಯಾಕ್ಕೆ ಹೋಗಿ ನಟನೆ ಕಲಿತವನು. ಜಗತ್ತೆಲ್ಲ ನೋಡುವ ಕೊರಿಯನ್ ಕಥೆಯೊಳಗೆ ಕೊನೆಗೂ ನಮ್ಮ ಮುಖವೊಂದು ಬಂತು ಎಂಬ ಖುಷಿ.

ಗುಣಮಟ್ಟ ತಪಾಸಣೆಯ ಸಾಲಿನಲ್ಲಿ ನಿಲ್ಲುತ್ತಿದ್ದ ಜಾರ್ಖಂಡಿನ ಹುಡುಗನೊಬ್ಬನಿಗೆ ಈ ಖುಷಿ ಇರಲಿಲ್ಲ. ಅವನೂ ಹಿಂದಿಯಲ್ಲಿ ನೋಡಿದ್ದ. ನಾನೇ ಮಾತು ತೆಗೆದೆ, ಅಲಿ ಹೇಗೆ ಅಂತ. ‘ಪೆದ್ದ ಅವನು, ಮೇಡಂ,’ ಅಂದ. ‘ಆರು ತಿಂಗಳು ಸಂಬಳ ಕೊಡದವನನ್ನು ನೋಡಿದ ಮೇಲೂ ಇನ್ನೊಬ್ಬನನ್ನು ಭಯ್ಯಾ ಅಂತ ನಂಬುತ್ತಾನಲ್ಲ.’

ಅಷ್ಟು ಹೇಳಿ ಕೆಲಸಕ್ಕೆ ತಿರುಗಿದ. ಅವನ ಆ ಮಾತಿನಿಂದ ಶುರುವಾದದ್ದು ನನ್ನ ಕೊರಿಯನ್ ಸಿನಿಮಾದ ಹುಡುಕಾಟ. ಅಲ್ಲಿಯವರೆಗೆ ನಾನು ನೋಡಿದ್ದು ಎಲ್ಲರೂ ನೋಡಿದ್ದನ್ನೇ. ಆಮೇಲೆ ಹಳೆಯದು ಹೊಸದು ಎಂದು ನೋಡುತ್ತ ಹೋದಂತೆ ಆ ಹುಡುಗ ಹೇಳಿದ್ದು ಸರಿ ಅನ್ನಿಸತೊಡಗಿತು.

ಅಲಿಯ ಕಥೆ ನೋಡಿ. ಯಂತ್ರಕ್ಕೆ ಬೆರಳು ಕೊಟ್ಟವನು. ಮನೆಯಲ್ಲಿ ಹೆಂಡತಿ, ಹಸುಗೂಸು. ಬಾಕಿ ಸಂಬಳ ಕೇಳಲು ಹೋದಾಗ ತಳ್ಳಾಟವಾಗಿ ಮಾಲೀಕನ ಕೈ ಯಂತ್ರಕ್ಕೆ ಸಿಕ್ಕುತ್ತದೆ. ಇವನು ದುಡ್ಡಿನ ಲಕೋಟೆ ಹಿಡಿದು ಹೆದರಿ ಓಡುತ್ತಾನೆ. ಅವನು ಸಿಟ್ಟಾಗುವುದು ಅದೊಂದೇ ಸಲ, ಅದೂ ಅಪಘಾತದಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಅವನದು ಬರೀ ಒಳ್ಳೆಯತನ. ಮೊದಲ ಆಟದಲ್ಲೇ ನಾಯಕನ ಕಾಲರ್ ಹಿಡಿದು ಜೀವ ಉಳಿಸುತ್ತಾನೆ. ಬಸ್ಸಿನ ದುಡ್ಡು ಕೊಟ್ಟ ಸಾಂಗ್-ವೂನನ್ನು ‘ಸಾಜಾಂಗ್‌ನಿಮ್’ ಎನ್ನುತ್ತಾನೆ. ನಮ್ಮ ‘ಸಾಹುಕಾರ್ರೇ’, ‘ಯಜಮಾನ್ರೇ’ ಇದ್ದ ಹಾಗೆ ಆ ಪದ. ಸಾಂಗ್-ವೂ ‘ಹ್ಯೊಂಗ್ ಅಂತ ಕರಿ’ ಎನ್ನುತ್ತಾನೆ. ಹ್ಯೊಂಗ್ ಅಂದರೆ ಗಂಡುಮಕ್ಕಳು ಅಣ್ಣನನ್ನು ಕರೆಯುವ ಪದ. ಅಲಿಯ ಮುಖ ಅರಳುತ್ತದೆ. ಗೋಲಿ ಆಟದಲ್ಲಿ ಅದೇ ಅಣ್ಣ ಗೋಲಿಗಳನ್ನು ಕದ್ದು, ಚೀಲದಲ್ಲಿ ಕಲ್ಲು ತುಂಬಿ ಇವನನ್ನು ಸಾಯಿಸುತ್ತಾನೆ. ಇಡೀ ಸರಣಿಯಲ್ಲಿ ಮನಸ್ಸು ಹಿಂಡುವ ಸಾವುಗಳಲ್ಲಿ ಅದೊಂದು, ನಾನೂ ಅತ್ತಿದ್ದೇನೆ. ಆದರೆ ಆ ಸಾವು ಯಾರ ಕಥೆಗೆ ಬೇಕಿತ್ತು? ಸಾಂಗ್-ವೂ ಎಷ್ಟು ಕೆಳಗಿಳಿದ ಎಂದು ತೋರಿಸುವುದಕ್ಕೆ. ಕೆಡಲಿಕ್ಕೆ, ಕೆಟ್ಟು ಪರಿತಪಿಸಲಿಕ್ಕೆ ಅವಕಾಶ ಇರುವುದು ಕೊರಿಯನ್ನರಿಗೆ. ಹೊರಗಿನವನಿಗೆ ಸಿಕ್ಕಿದ್ದು ಮುಗ್ಧತೆ.

ಆ ಸಿನಿಮಾ ಪರಂಪರೆಯನ್ನು ಸ್ವಲ್ಪ ತಿಳಿದ ಮೇಲೆ ಇದು ಇನ್ನಷ್ಟು ಚುಚ್ಚುತ್ತದೆ. ಬಡವರನ್ನು ಮನುಷ್ಯರಾಗಿ ತೋರಿಸುವುದರಲ್ಲಿ ಕೊರಿಯನ್ನರಿಗೆ ಸಾಟಿ ಕಡಿಮೆ. ಯು ಹ್ಯೂನ್-ಮೊಕ್ 1961ರಲ್ಲಿ ತೆಗೆದ ‘ಒಬಾಲ್ತಾನ್’ (ಗುರಿ ತಪ್ಪಿದ ಗುಂಡು) ಯುದ್ಧಾನಂತರದ ಸಿಯೋಲಿನ ನಿರಾಶ್ರಿತರ ಗುಡ್ಡದ ಕಥೆ. ಗುಮಾಸ್ತನೊಬ್ಬ ಹಲ್ಲುನೋವನ್ನು ಸಹಿಸುತ್ತಲೇ ಇರುತ್ತಾನೆ, ಕೀಳಿಸಲು ದುಡ್ಡಿಲ್ಲ. ತಮ್ಮ ಕೆಲಸ ಸಿಗದ ಮಾಜಿ ಸೈನಿಕ, ತಂಗಿ ಅಮೆರಿಕನ್ ಸೈನಿಕರಿಗೆ ಮೈ ಮಾರಿಕೊಳ್ಳುವವಳು, ತಾಯಿ ಹಾಸಿಗೆಯಿಂದಲೇ ‘ಹೋಗೋಣ, ಹೋಗೋಣ’ ಎಂದು ಕೂಗುವವಳು. ಇವರಲ್ಲಿ ಯಾರೂ ಸಂತರಲ್ಲ. ಸೈನಿಕ ಆಡಳಿತ ಬಂದಾಗ ಈ ಚಿತ್ರವನ್ನು ಕೆಲಕಾಲ ನಿಷೇಧಿಸಿತು, ದೇಶದ ಸ್ಥಿತಿ ಇಷ್ಟು ಕತ್ತಲೆಯಾಗಿ ಕಾಣಬಾರದು ಅಂತ. 1995ರ ‘ಎ ಸಿಂಗಲ್ ಸ್ಪಾರ್ಕ್’ ಜ್ಯೋನ್ ತೇ-ಇಲ್ ಎಂಬ ದರ್ಜಿ ಕಾರ್ಮಿಕನ ಕುರಿತದ್ದು. 1970ರ ನವೆಂಬರ್ 13ರಂದು ಸಿಯೋಲಿನ ಬಟ್ಟೆ ಮಾರುಕಟ್ಟೆಯಲ್ಲಿ, ಕಾರ್ಮಿಕ ಕಾನೂನು ಕಾಗದದಲ್ಲಷ್ಟೇ ಇದೆ ಎಂದು ಮೈಗೆ ಬೆಂಕಿ ಹಚ್ಚಿಕೊಂಡಾಗ ಅವನಿಗೆ 22 ವರ್ಷ. ಆ ಚಿತ್ರಕ್ಕೆ ಸಾವಿರಾರು ಸಾಮಾನ್ಯ ಜನ ಕೈಯಿಂದ ದುಡ್ಡು ಹಾಕಿದ್ದರು.

ಬೂ ಜಿ-ಯಂಗ್ ಎಂಬ ನಿರ್ದೇಶಕಿಯ ‘ಕಾರ್ಟ್’ (2014) ನಮ್ಮಂಥ ಕಡೆ ಕೆಲಸ ಮಾಡುವವರು ನೋಡಲೇಬೇಕಾದದ್ದು. 2007ರಲ್ಲಿ ಕೊರಿಯಾದಲ್ಲಿ ಒಂದು ಕಾನೂನು ಬಂತು: ಎರಡು ವರ್ಷ ದಾಟಿದ ತಾತ್ಕಾಲಿಕ ನೌಕರರನ್ನು ಕಾಯಂ ಮಾಡಬೇಕು. ಕಾಯಂ ಮಾಡುವ ಬದಲು ಎರಡು ವರ್ಷ ತುಂಬುವ ಮೊದಲೇ ತೆಗೆದುಹಾಕುವ ದಾರಿ ಹಿಡಿದವರೂ ಇದ್ದರು. ಗುತ್ತಿಗೆ ಲೆಕ್ಕ ಗೊತ್ತಿದ್ದವರಿಗೆ ಈ ಜಾಣತನ ಹೊಸದಲ್ಲ. ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರ್ ಹೆಂಗಸರು, ಕಸ ಗುಡಿಸುವ ಅಜ್ಜಿಯರು ಅಂಗಡಿಯೊಳಗೇ ಧರಣಿ ಕೂತ ಆಗಿನ ನಿಜ ಘಟನೆಯಿಂದ ಹುಟ್ಟಿದ ಚಿತ್ರ ಅದು. ಅದರಲ್ಲಿ ಹೆಂಗಸರು ಪರಸ್ಪರ ಜಗಳವಾಡುತ್ತಾರೆ, ಒಬ್ಬಳು ಮಗನಿಗಾಗಿ ಹೋರಾಟದಿಂದ ಹಿಂದೆ ಸರಿಯುತ್ತಾಳೆ, ಇನ್ನೊಬ್ಬಳು ಅವಳನ್ನು ಕ್ಷಮಿಸುವುದಿಲ್ಲ. ಅವರಿಗೆ ಸಿಟ್ಟಿದೆ, ಸಣ್ಣತನವಿದೆ, ನಗುವೂ ಇದೆ.

ಅಂದರೆ ಬಡವರಿಗೆ ಪೂರ್ತಿ ಮನುಷ್ಯತ್ವ ಕೊಡುವುದು ಹೇಗೆಂದು ಈ ಸಿನಿಮಾಕ್ಕೆ ಚೆನ್ನಾಗಿ ಗೊತ್ತು. ಬಡವ ತಮ್ಮವನೇ ಆಗಿದ್ದರೆ. ಅಲ್ಲದಿದ್ದಾಗ ಕೈ ನಡುಗುತ್ತದೆ.

ಬಾಂಗ್ ಜೂನ್-ಹೋ ಅವರ ‘ಪ್ಯಾರಸೈಟ್’ (2019) ಬಗ್ಗೆ ಬರೆಯುವವರು ಮೆಟ್ಟಿಲು, ಮಳೆ, ಅರ್ಧ ನೆಲದೊಳಗಿನ ಮನೆಗಳ ಬಗ್ಗೆ ಬರೆದು ಸುಸ್ತಾಗಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. 2022ರ ಆಗಸ್ಟಿನ ಮಳೆಯಲ್ಲಿ ಸಿಯೋಲಿನಲ್ಲಿ ಅಂಥದೇ ಮನೆಯೊಳಗೆ ಅಕ್ಕ-ತಂಗಿ, ಒಬ್ಬ ಹುಡುಗಿ, ಮೂವರು ನೀರಿಗೆ ಸಿಕ್ಕಿ ಸತ್ತಾಗ ಚಿತ್ರದ ದೃಶ್ಯ ನಿಜವಾಗಿಬಿಟ್ಟಿತ್ತು. ಸತ್ತವರಲ್ಲಿ ಒಬ್ಬಾಕೆಗೆ ಬೌದ್ಧಿಕ ವೈಕಲ್ಯವಿತ್ತು. ಆಮೇಲೆ ನಗರಾಡಳಿತ ಇಂಥ ಮನೆಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಹೇಳಿತು. ನಾನು ಎತ್ತುವುದು ಬೇರೆ ವಿಷಯ. ‘ಪ್ಯಾರಸೈಟ್’ನಲ್ಲಿ ಕೊರಿಯದವನಲ್ಲದ ಬಡವ ಒಬ್ಬನೂ ಇಲ್ಲ. ಇರುವುದು ಒಂದು ಗುಡಾರ, ಶ್ರೀಮಂತರ ಮಗ ಅಮೆರಿಕದ ಮೂಲನಿವಾಸಿಗಳ ಆಟ ಆಡಲು ತರಿಸಿದ್ದು. ಗರಿಯ ಕಿರೀಟ ಸಹಿತ. ಬೇರೆ ಜನಾಂಗವನ್ನು ಆಟಿಕೆಯಾಗಿಸುವ ಶ್ರೀಮಂತರನ್ನು ನಿರ್ದೇಶಕರು ಗೇಲಿ ಮಾಡುತ್ತಿದ್ದಾರೆ ಎಂಬುದು ನನಗೂ ಅರ್ಥವಾಗುತ್ತದೆ. ಆದರೂ ಒಂದು ಕುತೂಹಲ: ಆ ಪೀಜಾ ಡಬ್ಬಿ ಮಡಚುವ ಕುಟುಂಬದ ಪಕ್ಕದ ಬೀದಿಯಲ್ಲಿ ನೇಪಾಳಿ ಹುಡುಗನೊಬ್ಬ ಇದ್ದಿದ್ದರೆ ಅವರು ಅವನೊಂದಿಗೆ ಹೇಗೆ ನಡೆದುಕೊಳ್ಳುತ್ತಿದ್ದರು?

ಈ ಪ್ರಶ್ನೆಗೆ ಹತ್ತು ವರ್ಷ ಮೊದಲೇ ಒಂದು ಚಿತ್ರ ಉತ್ತರ ಕೊಟ್ಟಿದೆ. ಶಿನ್ ಡಾಂಗ್-ಇಲ್ ಅವರ ‘ಬಾಂಧೊಬಿ’, 2009. ಬಂಗಾಳಿಯಲ್ಲಿ ಗೆಳತಿ ಎಂಬರ್ಥ. ಮಿನ್-ಸೋ ಎಂಬ ಹೈಸ್ಕೂಲ್ ಹುಡುಗಿಗೆ ಬಸ್ಸಿನಲ್ಲಿ ಒಂದು ಪರ್ಸು ಸಿಗುತ್ತದೆ. ಇಟ್ಟುಕೊಳ್ಳಲು ನೋಡುತ್ತಾಳೆ. ಪರ್ಸಿನ ಒಡೆಯ, ಬಾಂಗ್ಲಾದೇಶದ ಕರೀಮ್, ಹಿಡಿದುಬಿಡುತ್ತಾನೆ. ಪೊಲೀಸರ ಹತ್ತಿರ ಬೇಡ, ನಿನ್ನದೊಂದು ಆಸೆ ಈಡೇರಿಸುತ್ತೇನೆ ಎಂದು ಅವಳು. ಸಂಬಳ ಬಾಕಿ ಉಳಿಸಿಕೊಂಡ ಹಳೆಯ ಮಾಲೀಕನ ಮನೆಗೆ ನನ್ನ ಜೊತೆ ಬಾ ಎಂದು ಅವನು. ಕಥೆ ಅಲ್ಲಿಂದ.

ಕರೀಮ್ ಅಲಿಯಂತಲ್ಲ. ಅವನು ಕಾಡಿಸುತ್ತಾನೆ, ಉಪದೇಶ ಮಾಡುತ್ತಾನೆ, ಸಿಡುಕುತ್ತಾನೆ. ತನ್ನ ಧರ್ಮದ ಬಗ್ಗೆ ಹೆಮ್ಮೆಯಿದೆ, ಹುಡುಗಿಯ ಮೇಲೆ ಆಸೆಯೂ ಇದೆ, ಆ ಆಸೆಯ ಬಗ್ಗೆ ನಾಚಿಕೆಯೂ ಇದೆ. ಆ ಪಾತ್ರ ಮಾಡಿದ ಮೆಹಬೂಬ್ ಆಲಂ ಬಾಂಗ್ಲಾದೇಶದಿಂದ ಕೊರಿಯಾಕ್ಕೆ ಕಾರ್ಮಿಕರಾಗಿಯೇ ಹೋದವರು, ವಲಸೆ ಕಾರ್ಮಿಕರ ಹೋರಾಟದಲ್ಲಿದ್ದು ಸಾಕ್ಷ್ಯಚಿತ್ರ ತೆಗೆಯಲು ಕಲಿತವರು. ಬಾಕಿ ಸಂಬಳ ಕೇಳುವಾಗ ಅವರ ದನಿಯಲ್ಲಿ ಬೇಡುವ ಛಾಯೆಯೇ ಇಲ್ಲ. ಈ ಚಿತ್ರವನ್ನು ಕೊರಿಯಾದಲ್ಲಿ ಹದಿಹರೆಯದವರು ನೋಡುವಂತಿರಲಿಲ್ಲ, ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಕೊಟ್ಟಿದ್ದರು. ಹೈಸ್ಕೂಲ್ ಹುಡುಗಿಯ ಬಗ್ಗೆ ತೆಗೆದ ಚಿತ್ರವನ್ನು ಹೈಸ್ಕೂಲ್ ಹುಡುಗಿ ನೋಡುವಂತಿಲ್ಲ! ಕಥಾನಾಯಕ ಬಾಂಗ್ಲಾದವನಾಗಿರದೆ ಇದ್ದಿದ್ದರೂ ಇದೇ ಪ್ರಮಾಣಪತ್ರ ಸಿಗುತ್ತಿತ್ತೇ ಎಂಬ ಅನುಮಾನ ನನಗಿದೆ. ‘ಸ್ಕ್ವಿಡ್ ಗೇಮ್’ ನೋಡಿದ ಕೋಟಿಗಟ್ಟಲೆ ಜನರಲ್ಲಿ ಇದನ್ನು ನೋಡಿದವರು ಎಷ್ಟು ಮಂದಿ?

ಹಿನ್ನೆಲೆಗೆ ಒಂದು ಮಾತು. ಕೊರಿಯಾ 2004ರಿಂದ ಪರ್ಮಿಟ್ ಪದ್ಧತಿಯಲ್ಲಿ ಹೊರದೇಶದ ಕಾರ್ಮಿಕರನ್ನು ಕರೆಸಿಕೊಳ್ಳುತ್ತಿದೆ. ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಕೆಲಸದ ಜಾಗ ಬದಲಿಸಬೇಕಾದರೆ ಸಾಮಾನ್ಯವಾಗಿ ಮಾಲೀಕನ ಒಪ್ಪಿಗೆ ಬೇಕು. ಅಲಿಯೂ ಕರೀಮನೂ ಮಾಲೀಕನ ಬಾಗಿಲಲ್ಲಿ ಯಾಕೆ ನಿಲ್ಲುತ್ತಾರೆ ಎಂಬುದಕ್ಕೆ ಉತ್ತರ ಅರ್ಧ ಇಲ್ಲಿದೆ.

ಇದಕ್ಕಿಂತ ಕಲಕಿದ್ದು ಅರ್ಧ ಗಂಟೆಯ ಒಂದು ಕಿರುಚಿತ್ರ. ಕೊರಿಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2003ರಲ್ಲಿ ಆರು ನಿರ್ದೇಶಕರಿಂದ ಆರು ಕಿರುಚಿತ್ರ ಮಾಡಿಸಿ ‘ಇಫ್ ಯು ವರ್ ಮಿ’ ಎಂದು ಬಿಡುಗಡೆ ಮಾಡಿತು. (ಸರ್ಕಾರಿ ಆಯೋಗವೊಂದು ಜಾಗೃತಿ ಚಿತ್ರಕ್ಕೆ ಇಂಥ ನಿರ್ದೇಶಕರನ್ನು ಕರೆದು, ಅವರಿಗೆ ತೋಚಿದ್ದನ್ನು ತೆಗೆಯಲು ಬಿಟ್ಟಿತು ಎಂಬುದೇ ನಮ್ಮ ಕಡೆಯವರಿಗೆ ಆಶ್ಚರ್ಯ.) ಅದರಲ್ಲಿ ಪಾರ್ಕ್ ಚಾನ್-ವುಕ್ ತೆಗೆದದ್ದು ನೇಪಾಳದ ಮಹಿಳೆಯೊಬ್ಬರ ನಿಜ ಕಥೆ. ಸಿಯೋಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಆಕೆ 1993ರಲ್ಲಿ ಒಂದು ಹೋಟೆಲಿನಲ್ಲಿ ಊಟ ಮಾಡಿ ನೋಡಿದರೆ ದುಡ್ಡಿಲ್ಲ. ಹೋಟೆಲಿನವರು ಪೊಲೀಸರನ್ನು ಕರೆದರು. ಮುಖ ಕೊರಿಯನ್ನರಂತೆಯೇ ಇದೆ, ಮಾತು ಮಾತ್ರ ಅರ್ಥವಾಗುತ್ತಿಲ್ಲ. ಹಾಗಾದರೆ ಈಕೆ ಬುದ್ಧಿ ಸ್ಥಿಮಿತವಿಲ್ಲದ ಕೊರಿಯನ್ ಹೆಂಗಸು ಎಂದು ತೀರ್ಮಾನವಾಯಿತು. ನಾನು ನೇಪಾಳದವಳು ಎಂದು ಆಕೆ ಹೇಳಿದ್ದೂ ರೋಗದ ಲಕ್ಷಣವಾಯಿತು. ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದದ್ದು ಆರು ವರ್ಷ ನಾಲ್ಕು ತಿಂಗಳು.

ಈ ಕಥೆಯನ್ನು ಕಣ್ಣೀರಿನ ಕಥೆಯಾಗಿಸುವುದು ಬಲು ಸುಲಭ. ಪಾರ್ಕ್ ಹಾಗೆ ಮಾಡುವುದಿಲ್ಲ. ಕ್ಯಾಮೆರಾವನ್ನು ಆಕೆ ಇರುವ ಜಾಗದಲ್ಲಿ ಇಟ್ಟುಬಿಡುತ್ತಾರೆ. ಪೊಲೀಸ್, ಡಾಕ್ಟರ್, ನರ್ಸ್ ಎಲ್ಲ ನಮ್ಮ ಮುಖಕ್ಕೇ ಮುಖ ಹಾಕಿ ಮಾತಾಡುತ್ತಾರೆ, ನಮ್ಮನ್ನೇ ಹುಚ್ಚರೆಂದು ನಿರ್ಧರಿಸುತ್ತಾರೆ. ಅವರೇನೂ ರಾಕ್ಷಸರಲ್ಲ, ಕೆಲವರಿಗೆ ಕರುಣೆಯೂ ಇದೆ. ಕಾಗದ ತುಂಬುವ ಅವಸರದಲ್ಲಿದ್ದಾರೆ ಅಷ್ಟೆ. ಆಕೆಯ ಬಗ್ಗೆ ಅಯ್ಯೋ ಪಾಪ ಎನ್ನಲು ನಮಗೆ ಹೊರಗಡೆ ಜಾಗವೇ ಉಳಿಯುವುದಿಲ್ಲ. ಮುಖ ತೋರಿಸಿದರೆ ಪ್ರಾತಿನಿಧ್ಯವಾಯಿತು ಎಂದುಕೊಂಡಿದ್ದ ನನಗೆ, ಮುಖವನ್ನೇ ಹೆಚ್ಚು ತೋರಿಸದ ಈ ಚಿತ್ರ ಕಲಿಸಿದ್ದು ಜಾಸ್ತಿ.

ಇದೇ ಸಂಕಲನದಲ್ಲಿ ಯೋ ಕ್ಯೂನ್-ಡಾಂಗ್ ಅವರ ಚಿತ್ರವೊಂದಿದೆ. ಸೆರೆಬ್ರಲ್ ಪಾಲ್ಸಿ ಇರುವ ಯುವಕ ಸಿಯೋಲಿನ ನಡುಮಧ್ಯದ ಗ್ವಾಂಗ್‌ಹ್ವಾಮುನ್ ವೃತ್ತವನ್ನು ದಾಟಲು ಹೊರಡುತ್ತಾನೆ. ಪಾತ್ರ ಮಾಡಿದವರಿಗೂ ಸೆರೆಬ್ರಲ್ ಪಾಲ್ಸಿ ಇದೆ. ಅದನ್ನು ನೋಡಿದ ಮೇಲೆ ಲೀ ಚಾಂಗ್-ಡಾಂಗ್ ಅವರ ‘ಓಯಸಿಸ್’ (2002) ಅನ್ನು ಎರಡನೇ ಸಲ ನೋಡಿದೆ, ಮೊದಲ ಸಲದಷ್ಟು ಸಮಾಧಾನ ಆಗಲಿಲ್ಲ.

‘ಓಯಸಿಸ್’ ದೊಡ್ಡ ಚಿತ್ರ, ಅದರಲ್ಲಿ ನನಗೆ ಅನುಮಾನವಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಗೊಂಗ್-ಜುವಿನ ಪಾತ್ರಕ್ಕಾಗಿ ಮೂನ್ ಸೋ-ರಿ ವೆನಿಸ್‌ನಲ್ಲಿ ಪ್ರಶಸ್ತಿ ಪಡೆದರು, ನಿರ್ದೇಶಕರಿಗೂ ಪ್ರಶಸ್ತಿ ಬಂತು. ಅಂಗವಿಕಲರ ಹೆಸರಿನಲ್ಲಿ ಸಿಕ್ಕ ಹೊಸ ಮನೆಗೆ ಅಣ್ಣ-ಅತ್ತಿಗೆ ಹೋಗಿ ಇವಳನ್ನು ಹಳೆಯ ಕೊಂಪೆಯಲ್ಲಿ ಬಿಡುವುದು, ಅಧಿಕಾರಿಗಳು ತಪಾಸಣೆಗೆ ಬಂದ ದಿನ ಮಾತ್ರ ಎತ್ತಿಕೊಂಡು ಹೋಗಿ ಕೂರಿಸುವುದು: ಇದನ್ನು ಕೊರಿಯಾದ ಕಥೆ ಅಂತ ಯಾರು ಹೇಳಿಯಾರು? ಕೊನೆಗೆ ಪೊಲೀಸ್ ಠಾಣೆಯಲ್ಲಿ ಅವಳ ಪರವಾಗಿ ಎಲ್ಲರೂ ಮಾತಾಡುತ್ತಾರೆ, ಅವಳೊಬ್ಬಳನ್ನು ಬಿಟ್ಟು. ಆದರೆ ಅವಳ ಪ್ರೇಮ ಶುರುವಾಗುವುದು ಅವಳ ಮೇಲೆ ಅತ್ಯಾಚಾರಕ್ಕೆ ಬಂದವನ ಜೊತೆ. ಆ ದೃಶ್ಯವನ್ನು ಅಂಗವಿಕಲ ಹೆಣ್ಣೊಬ್ಬಳು ಬರೆದಿದ್ದರೆ ಹಾಗೆ ಬರೆಯುತ್ತಿದ್ದಳೇ ಎಂಬುದು ನನ್ನ ತಕರಾರು. ಅವಳ ಕನಸಿನಲ್ಲಿ ನಟಿ ಗಾಲಿಕುರ್ಚಿಯಿಂದ ಎದ್ದು ನೆಟ್ಟಗೆ ನಡೆಯುತ್ತಾಳೆ, ಹಾಡುತ್ತಾಳೆ. ಚೆಂದದ ದೃಶ್ಯವೇ. ಅವಳ ಆಸೆಗಳೆಲ್ಲ ನಮ್ಮ ದೇಹದಂಥ ದೇಹಕ್ಕಾಗಿಯೇ ಇರುತ್ತವೆ ಎಂದು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡುಬಿಡುತ್ತೇವೆ! ಅವಳ ಗೋಡೆಯಲ್ಲಿ ತೂಗುವ ಬಟ್ಟೆಯ ಚಿತ್ರದಲ್ಲಿ, ಅಂದಹಾಗೆ, ನಾವೂ ಇದ್ದೇವೆ: ಭಾರತದ ಒಬ್ಬ ಹೆಂಗಸು, ಒಂದು ಮಗು, ಒಂದು ಆನೆ. ಮೂವರೂ ಒಂದು ಸಲ ಜೀವ ಬಂದು ಕೋಣೆಯಲ್ಲಿ ಕುಣಿದು ಹೋಗುತ್ತಾರೆ. 2002ರಲ್ಲಿ ಕುಣಿದವರು 2021ಕ್ಕೆ ಗೋಲಿ ಆಡಿ ಸತ್ತರು ಅಂತ ತಮಾಷೆ ಮಾಡಿದರೆ ನನ್ನ ಗಂಡ, ನೀನು ಯಾವುದನ್ನೂ ಸುಮ್ಮನೆ ನೋಡೋದಿಲ್ಲ ಅಂತಾರೆ.

ಸರಿ, ಸಿನಿಮಾದಿಂದ ಏನಾದರೂ ಆಗುತ್ತದೆಯೇ? ಕೊರಿಯಾದಲ್ಲಿ ಆಗಿದೆ. ‘ಸ್ಕ್ವಿಡ್ ಗೇಮ್’ ಮಾಡಿದ ಹ್ವಾಂಗ್ ಡಾಂಗ್-ಹ್ಯೂಕ್ ಅವರೇ 2011ರಲ್ಲಿ ‘ಸೈಲೆನ್ಸ್ಡ್’ ತೆಗೆದಿದ್ದರು. ಕಿವುಡ ಮಕ್ಕಳ ಶಾಲೆಯೊಂದರಲ್ಲಿ ನಡೆದ ಲೈಂಗಿಕ ದೌರ್ಜನ್ಯದ ನಿಜ ಪ್ರಕರಣ ಅದು. ಬಿಡುಗಡೆಯಾದ ಮರು ತಿಂಗಳೇ ಸಂಸತ್ತು ಕಾನೂನು ಬದಲಿಸಿತು, ಚಿತ್ರದ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಜುಲೈ ಜಂಗ್ ಎಂಬ ನಿರ್ದೇಶಕಿಯ ‘ನೆಕ್ಸ್ಟ್ ಸೋಹೀ’ (2022) ಕೂಡ ಹಾಗೆಯೇ. ವೃತ್ತಿಶಿಕ್ಷಣದ ಹುಡುಗಿಯನ್ನು ‘ತರಬೇತಿ’ ಎಂದು ಕಾಲ್ ಸೆಂಟರಿಗೆ ಕಳಿಸುತ್ತಾರೆ, ಗ್ರಾಹಕರು ಸಂಪರ್ಕ ಕಡಿತ ಮಾಡಿಸದಂತೆ ತಡೆಯುವುದು ಕೆಲಸ. ಅವಳು ಬದುಕುಳಿಯುವುದಿಲ್ಲ. ಶಾಲೆಗೆ ಉದ್ಯೋಗದ ಶೇಕಡಾವಾರು ಮುಖ್ಯ, ಕಂಪನಿಗೆ ಅಗ್ಗದ ಕೈ ಮುಖ್ಯ. ಅಪ್ರೆಂಟಿಸ್ ಹೆಸರಿನಲ್ಲಿ ಐಟಿಐ ಮಕ್ಕಳನ್ನು ಲೈನಿನಲ್ಲಿ ನಿಲ್ಲಿಸಿದ್ದನ್ನು ನೋಡಿದವರಿಗೆ ಆ ಚಿತ್ರದ ದ್ವಿತೀಯಾರ್ಧ ನುಂಗಲು ಕಷ್ಟ. 2023ರ ಮಾರ್ಚಿನಲ್ಲಿ ಕೊರಿಯಾದ ಸಂಸತ್ತು ಆ ತರಬೇತಿ ಕಾನೂನನ್ನು ತಿದ್ದಿತು.

ಕಿವುಡ ಮಕ್ಕಳಿಗಾಗಿ ಕಾನೂನು ಬದಲಾಯಿತು, ಸೋಹೀಗಾಗಿ ಬದಲಾಯಿತು. ಅಲಿಯನ್ನು ಜಗತ್ತೇ ನೋಡಿ ಅತ್ತಿತು. ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ಪದ್ಧತಿ ಮಾತ್ರ ಉಳಿದುಕೊಂಡಿದೆ. ಆ ಹುಡುಗಿ, ಆ ಮಕ್ಕಳು ನೋಡುಗರಿಗೆ ತಮ್ಮ ಮನೆಯವರಂತೆ ಕಂಡರು. ಅಲಿ ಅತಿಥಿಯಂತೆ ಕಂಡ. ಅತಿಥಿ ಒಳ್ಳೆಯವನಾಗಿದ್ದರೆ ಸಾಕು, ಅವನಿಗೆ ಹಕ್ಕು ಯಾಕೆ?

ಅತಿಥಿಯಲ್ಲ, ರಕ್ತಸಂಬಂಧಿಯೇ ಆದರೂ ಕೆಲವೊಮ್ಮೆ ಒಳಗೆ ಬಿಡುವುದಿಲ್ಲ ಎನ್ನುವುದಕ್ಕೆ ಪಾರ್ಕ್ ಜಂಗ್-ಬಮ್ ಅವರ ‘ದಿ ಜರ್ನಲ್ಸ್ ಆಫ್ ಮುಸಾನ್’ ಇದೆ. ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ಸುಂಗ್-ಚುಲ್‌ಗೆ ದಕ್ಷಿಣದ ಗುರುತಿನ ಸಂಖ್ಯೆ ಸಿಕ್ಕಿದೆ, ಆದರೆ ಅದರಲ್ಲಿರುವ 125 ಎಂಬ ಅಂಕೆಗಳು ಇವನು ಎಲ್ಲಿಯವನೆಂದು ಕೆಲಸ ಕೊಡುವವರಿಗೆ ಹೇಳಿಬಿಡುತ್ತವೆ. ಗೋಡೆಗೆ ಪೋಸ್ಟರ್ ಅಂಟಿಸಿ ಬದುಕುತ್ತಾನೆ, ಹೊಡೆತ ತಿನ್ನುತ್ತಾನೆ, ಒಂದು ಬಿಳಿ ನಾಯಿಮರಿ ಸಾಕುತ್ತಾನೆ. ನಿರ್ದೇಶಕರು ತೀರಿಹೋದ ತಮ್ಮ ಗೆಳೆಯನ ಬದುಕಿನಿಂದ ಈ ಕಥೆ ಹೆಣೆದು ತಾವೇ ಆ ಪಾತ್ರ ಮಾಡಿದ್ದಾರೆ. ಒಂದೂವರೆ ಗಂಟೆ ಅವನ ಸಾಧುತನ ನೋಡಿ ಕರಗಿದ ನಮಗೆ ಕೊನೆಯಲ್ಲಿ ಪೆಟ್ಟು: ತನ್ನಂತೆಯೇ ಉತ್ತರದಿಂದ ಬಂದ ರೂಮ್‌ಮೇಟಿನ ದುಡ್ಡನ್ನು ಇವನು ನುಂಗುತ್ತಾನೆ. ಕೂದಲು ಕತ್ತರಿಸಿಕೊಂಡು ಹೊಸ ಬಟ್ಟೆ ಹಾಕುತ್ತಾನೆ. ಆಗಷ್ಟೇ ಊರು ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ನಾಯಿಯನ್ನು ನಿಂತು ನೋಡಿ, ಮುಂದೆ ನಡೆಯುತ್ತಾನೆ. ಜಾರ್ಖಂಡಿನ ಹುಡುಗ ಇದನ್ನು ನೋಡಿದ್ದರೆ ಇವನನ್ನು ಪೆದ್ದ ಎನ್ನುತ್ತಿರಲಿಲ್ಲ. ಅವನಿಗೆ ತೋರಿಸೋಣವೆಂದುಕೊಂಡಿದ್ದೆ, ಅಷ್ಟರಲ್ಲಿ ಗುತ್ತಿಗೆ ಮುಗಿದು ಅವನು ಹೊಸೂರಿನ ಕಡೆ ಹೋದ ಅಂತ ಸೂಪರ್‌ವೈಸರ್ ಹೇಳಿದ. ಫೋನ್ ನಂಬರ್ ಇರಲಿಲ್ಲ. ಟೋಕನ್ ನಂಬರ್ ಇತ್ತು.

ಕಳೆದ ತಿಂಗಳು ನಮ್ಮ ಕೊರಿಯನ್ ಮ್ಯಾನೇಜರ್ ಊಟಕ್ಕೆ ಕೂತಾಗ ಯಾವ ಕೊರಿಯನ್ ಸಿನಿಮಾ ಇಷ್ಟ ಎಂದು ಕೇಳಿದರು. ‘ಪ್ಯಾರಸೈಟ್’ ಅನ್ನುತ್ತೇನೆಂದು ಕಾದಿದ್ದರೇನೋ. ‘ಬಾಂಧೊಬಿ’ ಅಂದೆ. ಅವರಿಗೆ ಗೊತ್ತಿರಲಿಲ್ಲ. ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ದೇಶ ಈಗ ಹಾಗಿಲ್ಲ ಅಂದರು. ಆಮೇಲೆ, ಪೂರ್ತಿ ಹಾಗಿಲ್ಲ ಅಂತ ತಿದ್ದಿಕೊಂಡರು. ಫೋನಿನಲ್ಲಿ ಹೆಸರು ಬರೆದುಕೊಂಡರು. ನಂತರ ಶಾಪ್ ಫ್ಲೋರಿನ ಕಡೆ ಕೈ ತೋರಿಸಿ, ಮೇಡಂ, ಉತ್ತರದಿಂದ ಬಂದ ಈ ಹುಡುಗರ ಬಗ್ಗೆ ನಿಮ್ಮ ಭಾಷೆಯಲ್ಲಿ ಅಂಥ ಸಿನಿಮಾ ಇದೆಯಾ, ನಾನು ನೋಡಬೇಕು ಅಂದರು.

ಕೆಣಕಲು ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಯೋಚಿಸಿದೆ. ಆ ಕ್ಷಣಕ್ಕೆ ನೆನಪಾದದ್ದು ಚಿಕ್ಕಂದಿನಲ್ಲಿ ನೋಡಿದ ಕನ್ನಡ ಸಿನಿಮಾಗಳ ಗೇಟಿನ ಗೂರ್ಖಾ: ಟೋಪಿ, ಸೀಟಿ, ‘ಸಲಾಂ ಸಾಬ್’, ತಪ್ಪು ತಪ್ಪು ಕನ್ನಡ, ಥಿಯೇಟರಿನ ತುಂಬ ನಗು. ನಾವೂ ನಕ್ಕಿದ್ದೆವು. ಹುಡುಕಿ ಹೇಳುತ್ತೇನೆ ಎಂದು ತಟ್ಟೆ ಎತ್ತಿಕೊಂಡು ಎದ್ದೆ.